ಸ್ಪೈನಲ್ ಟ್ಯಾಪ್ ನಿಜವಾದ ಬ್ಯಾಂಡಾ?

ಹೌದು, ನಿಜವಾದ ಬ್ಯಾಂಡೇ. ಇನ್ನು ಮುಂದೆ ಯಾರು ಕೇಳಿದರೂ ಬಾಯಲ್ಲಿ ಹೇಳುವುದಿಲ್ಲ, ಇದನ್ನೇ ಓದಿಕೊಳ್ಳಿ.

1984ರಲ್ಲಿ ರಾಬ್ ರೈನರ್ ನಿರ್ದೇಶನದ ಒಂದು ಸಿನಿಮಾ ಬಂತು. ಇಂಗ್ಲೆಂಡಿನ ರಾಕ್ ಬ್ಯಾಂಡೊಂದು ಅಮೆರಿಕ ಪ್ರವಾಸಕ್ಕೆ ಹೋಗಿ ಊರೂರಲ್ಲಿ ಫಜೀತಿ ಪಡುವ ಕಥೆ. ಸಾಕ್ಷ್ಯಚಿತ್ರದ ಹಾಗೆ ತೆಗೆದಿದ್ದಾರೆ. ಆ ಬ್ಯಾಂಡೇ ಸ್ಪೈನಲ್ ಟ್ಯಾಪ್. ಅದರಲ್ಲಿರುವವರು ಕ್ರಿಸ್ಟೋಫರ್ ಗೆಸ್ಟ್, ಮೈಕೆಲ್ ಮೆಕೀನ್, ಹ್ಯಾರಿ ಶಿಯರರ್. ಮೂವರೂ ಅಮೆರಿಕದ ನಟರು, ರೈನರ್ ಜೊತೆ ಸೇರಿ ಆ ಸಿನಿಮಾ ಬರೆದವರೂ ಅವರೇ.

ಜನ ಕೇಳುವ ರೀತಿಯೇ ನನಗೆ ಸಿಟ್ಟು ತರಿಸುತ್ತದೆ. ಉತ್ತರ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಒಂದು ಬೀಗರೂಟದಲ್ಲಿ ನಮ್ಮ ಭಾವ ಕೇಳಿದರು: "ಅವರು ಸುಮ್ನೆ ಬಾಯಿ ಆಡಿಸೋದು, ಹಿಂದೆ ಬೇರೆಯವರು ಹಾಡೋದು. ನಮ್ಮ ಸಿನಿಮಾ ಥರ, ಅಲ್ವಾ?" ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಅಲ್ಲ ಭಾವ, ಅಲ್ಲ! ಹಾಡು ಬರೆದದ್ದು ಅವರೇ, ಹಾಡಿದ್ದು ಅವರೇ, ಗಿಟಾರ್ ಹಿಡಿದದ್ದೂ ಅವರೇ. 1979ರಲ್ಲೇ ಟಿವಿಯಲ್ಲಿ ಇದೇ ಹೆಸರಲ್ಲಿ ಕಾಣಿಸಿಕೊಂಡಿದ್ದರು. ಸಿನಿಮಾ ಬಂದದ್ದು ಆಮೇಲೆ.

ತಮಾಷೆ ಹಾಡಿಗೆ ಹೇಗೆ ನುಡಿಸಿದರೂ ನಡೆಯುತ್ತೆ ಅಂತ ಅನೇಕರ ಲೆಕ್ಕ. ಅವರ 'ಬಿಗ್ ಬಾಟಮ್' ಕೇಳಿ. ಸಾಮಾನ್ಯವಾಗಿ ಒಂದು ಬ್ಯಾಂಡಿಗೆ ಒಂದೇ ಬೇಸ್ ಗಿಟಾರ್. ಇಲ್ಲಿ ಮೂವರೂ ಬೇಸ್ ಹಿಡಿಯುತ್ತಾರೆ. ದಪ್ಪ ಸ್ವರದ ಮೇಲೆ ದಪ್ಪ ಸ್ವರ ಬಿದ್ದು ಎದೆ ಗುಡುಗುಟ್ಟುತ್ತದೆ. ನಗು ಬರುವುದು ಆ ಸದ್ದಿನಿಂದಲೇ. ತಾಳ ಒಂಚೂರು ತಪ್ಪಿದರೂ ಹಾಡು ಸತ್ತುಹೋಗುತ್ತದೆ. 2007ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಲೈವ್ ಅರ್ಥ್ ಕಾರ್ಯಕ್ರಮ ನಡೆದಾಗ ಈ ಹಾಡಿಗೆ ಮೆಟಾಲಿಕಾದಂಥ ದೊಡ್ಡ ಬ್ಯಾಂಡಿನವರೂ ಬೇಸ್ ಹಿಡಿದು ವೇದಿಕೆ ಹತ್ತಿದರು. ಡೂಪ್ಲಿಕೇಟ್ ಬ್ಯಾಂಡಿನ ಜೊತೆ ಅವರು ಯಾಕೆ ನಿಲ್ಲುತ್ತಾರೆ ಹೇಳಿ?

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಇದೇ ಮೂವರಿಗೆ ದಿ ಫೋಕ್ಸ್‌ಮೆನ್ ಅನ್ನೋ ಜಾನಪದ ತಂಡವೂ ಇದೆ. ಸ್ಪೈನಲ್ ಟ್ಯಾಪ್ ಕಛೇರಿಗೆ ಮುಂಚೆ ಆ ವೇಷದಲ್ಲಿ ಬಂದು ಹಾಡಿದರೆ, ಸಭಿಕರಲ್ಲಿ ಕೆಲವರು ಗುರುತು ಸಿಗದೆ ಕೂಗಾಡಿ ಇಳಿಯಿರಿ ಅಂದರಂತೆ. ತಾವು ಯಾರಿಗಾಗಿ ಟಿಕೆಟ್ ಕೊಂಡಿದ್ದರೋ ಅವರನ್ನೇ! ಎರಡು ಬೇರೆ ಬೇರೆ ಬ್ಯಾಂಡ್ ಅಂತ ನಂಬಿಸುವಷ್ಟು ಚೆನ್ನಾಗಿ ಹಾಡಿದ್ದರು ಅಂತಲೇ ಅರ್ಥ.

ನಿಜವೋ ಸುಳ್ಳೋ ಅನ್ನುವ ಬದಲು, ಅವರಿಗೆ ದುಡ್ಡು ಸಿಕ್ಕಿತಾ ಅಂತ ಒಬ್ಬರಾದರೂ ಕೇಳಬಾರದಾ? 2016ರಲ್ಲಿ ಶಿಯರರ್ ಕೋರ್ಟಿಗೆ ಹೋದರು. ಅವರ ದೂರಿನ ಪ್ರಕಾರ, ಹಕ್ಕು ಹಿಡಿದಿದ್ದ ಕಂಪನಿ ತೋರಿಸಿದ ಲೆಕ್ಕ ಹೀಗಿತ್ತು: 1984ರಿಂದ 2006ರವರೆಗೆ ಟೀ ಶರ್ಟು, ಗೊಂಬೆ ಇತ್ಯಾದಿ ಮಾರಾಟದಿಂದ ಈ ಮೂವರಿಗೂ ರೈನರ್‌ಗೂ ಸೇರಿ ಬಂದ ಪಾಲು 81 ಡಾಲರ್. 1989ರಿಂದ 2006ರವರೆಗೆ ಹಾಡುಗಳಿಂದ 98 ಡಾಲರ್. ಆಮೇಲೆ ಅದು ರಾಜಿಯಲ್ಲಿ ಮುಗಿಯಿತು. ಮುಂದಿನ ಸಲ ಊಟಕ್ಕೆ ಕೂತಾಗ ಈ 81 ಡಾಲರ್ ವಿಷಯ ಎತ್ತಿ ಭಾವ, ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.