ಒಂದು ಗಂಟೆಯೊಳಗೆ ಮನೆ ಬಿಡಬೇಕಾದರೆ

ಆವತ್ತು ಭಾನುವಾರ. ಬೆಳಿಗ್ಗೆ ಹಿಡಿದ ಪುಸ್ತಕವನ್ನು ಮಧ್ಯಾಹ್ನವಾದರೂ ಕೆಳಗಿಟ್ಟಿರಲಿಲ್ಲ. ಐರೀನ್ ನೆಮಿರೋವ್ಸ್ಕಿಯ ‘ಸ್ವೀಟ್ ಫ್ರಾಂಸೇಜ್’ ಕಾದಂಬರಿ, ಇಂಗ್ಲಿಷ್ ಅನುವಾದದಲ್ಲಿ. 1940ರ ಜೂನ್ ತಿಂಗಳು. ಜರ್ಮನ್ ಸೈನ್ಯ ಹತ್ತಿರ ಬರುತ್ತಿದೆ. ಪ್ಯಾರಿಸ್ಸಿನ ಜನ ಮನೆಗೆ ಬೀಗ ಹಾಕಿ ಹೊರಟಿದ್ದಾರೆ.

ಅವರಲ್ಲಿ ಮಿಷೋ ಅಂತ ಗಂಡ ಹೆಂಡತಿ ಇದ್ದಾರೆ. ಇಬ್ಬರೂ ಬ್ಯಾಂಕಿನ ನೌಕರರು. ಮಗ ಸೈನ್ಯದಲ್ಲಿದ್ದಾನೆ, ಅವನ ಸುದ್ದಿಯೇ ಇಲ್ಲ. ಸಾಹೇಬರ ಕಾರಿನಲ್ಲಿ ಹೋಗೋದು ಅಂತ ಮಾತಾಗಿತ್ತು. ಕೊನೆ ಗಳಿಗೆಯಲ್ಲಿ ಅವರ ಜಾಗಕ್ಕೆ ಸಾಹೇಬರ ಗೆಳತಿ ಬಂದಳು, ಜೊತೆಗೆ ಅವಳ ನಾಯಿ. ಇವರು ನಡೆದರು. ಓದುತ್ತಾ ನನಗೆ ಸಿಟ್ಟು ಬಂತು. ಬಾಂಬಿನ ಮೇಲಲ್ಲ, ಆ ನಾಯಿ ಕೂತ ಸೀಟಿನ ಮೇಲೆ.

ಆದರೆ ನಾನು ಪುಸ್ತಕ ಮುಚ್ಚಿದ್ದು ಇನ್ನೊಂದು ಕಡೆ. ಪೆರಿಕಾಂ ಅನ್ನೋ ದೊಡ್ಡ ಮನೆತನದ ಹೆಂಗಸು ಮಕ್ಕಳನ್ನು ಕರೆದುಕೊಂಡು, ದುಡ್ಡು ಒಡವೆ ಜೋಪಾನ ಮಾಡಿಕೊಂಡು, ಬೆಂಕಿ ಬಿದ್ದ ಊರಿನಿಂದ ಪಾರಾಗುತ್ತಾಳೆ. ಉಸಿರು ಬಿಟ್ಟ ಮೇಲೆ ನೆನಪಾಗುತ್ತದೆ: ಮಾವನನ್ನು ಅಲ್ಲೇ ಮರೆತು ಬಂದಿದ್ದೇನೆ!

ಎಂಥ ಹೆಂಗಸಪ್ಪಾ ಅನ್ನಿಸಿತು. ನಾನಾಗಿದ್ದರೆ? ಸುಮ್ನೆ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಗುರುತಿನ ಚೀಟಿ, ಮನೆ ಪತ್ರ, ಒಡವೆ, ಚಾರ್ಜರ್, ಟಾರ್ಚ್, ನೀರಿನ ಬಾಟಲಿ, ಅಮ್ಮನ ಬಿಪಿ ಮಾತ್ರೆ. ಹದಿನಾರು ಸಾಲಾಯಿತು. ಮತ್ತೊಮ್ಮೆ ಓದಿದಾಗ ಎದೆ ಧಸಕ್ಕೆಂದಿತು. ಅಮ್ಮನ ಮಾತ್ರೆ ಇತ್ತು, ಅಮ್ಮ ಇರಲಿಲ್ಲ.

ಅಮ್ಮ ಪಕ್ಕದ ಕೋಣೆಯಲ್ಲೇ ಮಲಗಿದ್ದಳು. ಮಂಡಿ ನೋವು. ಬೀದಿ ಕೊನೆಯವರೆಗೆ ಹೋಗಲು ಎರಡು ಸಲ ನಿಲ್ಲುತ್ತಾಳೆ. ಮಿಷೋ ದಂಪತಿಯ ಹಾಗೆ ದಿನವಿಡೀ ನಡೆಯುವುದು ಹೇಗೆ? ಎತ್ತಿಕೊಂಡರೆ ಆ ಹದಿನಾರು ಸಾಮಾನು ಹಿಡಿಯೋದು ಯಾರು? ಎಷ್ಟು ಸಾವಿರ ಜನ ಊರು ಬಿಟ್ಟರು ಅಂತ ಸುದ್ದಿಯಲ್ಲಿ ಎಷ್ಟೋ ಸಲ ಓದಿದ್ದೇನೆ. ಈ ಲೆಕ್ಕ ಯಾವತ್ತೂ ಹಾಕಿರಲಿಲ್ಲ.

ನೆಮಿರೋವ್ಸ್ಕಿಗೆ ಇದೆಲ್ಲ ಕಲ್ಪನೆಯಲ್ಲ. ಕೀವ್‌ನಲ್ಲಿ ಹುಟ್ಟಿದ ಯಹೂದಿ ಹುಡುಗಿ, ರಷ್ಯಾದ ಕ್ರಾಂತಿಯಾದಾಗ ಮನೆಯವರ ಜೊತೆ ಓಡಿ ಬಂದು ಫ್ರಾನ್ಸ್ ಸೇರಿದವಳು. ಕಾದಂಬರಿಯ ಐದು ಭಾಗಗಳಲ್ಲಿ ಎರಡು ಮುಗಿದಿದ್ದವು. 1942ರ ಜುಲೈನಲ್ಲಿ ಅವಳನ್ನು ಬಂಧಿಸಿದರು, ಆಗಸ್ಟ್‌ನಲ್ಲಿ ನಾಜಿಗಳ ಆಷ್‌ವಿಟ್ಜ್ ಸೆರೆಶಿಬಿರದಲ್ಲಿ ತೀರಿಕೊಂಡಳು. ಕಾಗದ ಉಳಿಸಲು ಇರುವೆ ಸಾಲಿನಂತೆ ಬರೆದ ಆ ನೋಟ್‌ಬುಕ್ಕನ್ನು ಅವಳ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸೂಟ್‌ಕೇಸಿನಲ್ಲಿಟ್ಟುಕೊಂಡು, ಅಡಗಿದ ಕಡೆಗೆಲ್ಲ ಹೊತ್ತೊಯ್ದರು. ಅದು ಅಮ್ಮನದು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಪುಸ್ತಕವಾಗಿ ಬಂದದ್ದು 2004ರಲ್ಲಿ.

ಸಂಜೆ ಅಮ್ಮ ಎದ್ದಾಗ ಕೇಳಿದೆ, “ಅಮ್ಮಾ, ಈಗಿಂದೀಗ್ಲೇ ಮನೆ ಬಿಟ್ಟು ಹೋಗ್ಬೇಕು ಅಂದ್ರೆ ಏನು ತಗೋತೀಯ?”

ಮಂಡಿ ನೀವಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು.

“ವಾಪಸ್ ಬರೋದು ಯಾವಾಗ? ಅದು ಗೊತ್ತಾದ್ರೆ ತಾನೇ ಹೇಳೋಕಾಗೋದು?”