ಅಜ್ಜಿಯ ಹೆಸರಿಗೆ ಹೋದ ಬೀಜ

12 ಅಕ್ಟೋಬರ್ 2025, ಭಾನುವಾರ
ಚಳ್ಳಕೆರೆ ತಾಲ್ಲೂಕು

ಬೆಳಿಗ್ಗೆ ಆರಕ್ಕೇ ಹೊಲಕ್ಕೆ ಹೋದೆವು. ಶೇಂಗಾ ಕೀಳುವುದು ಶುರುವಾಗಿದೆ. ನಮ್ಮ ಹೊಲದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಗಿಡ ಕಿತ್ತರೆ ಜೊಳ್ಳೇ ಜಾಸ್ತಿ.

ಬುತ್ತಿ ಬಿಚ್ಚುವಾಗ ಪಕ್ಕದ ಹೊಲದ ಅಜ್ಜಿ ಬಂದು ಕೂತರು. ಜೂನ್‌ನ ಮಾತು ತೆಗೆದರು. ಸಬ್ಸಿಡಿ ಬಿತ್ತನೆ ಬೀಜಕ್ಕೆ ಪಹಣಿ, ಆಧಾರ್ ಹಿಡಿದು ಒಂದು ಕಚೇರಿಗೆ ಹೋಗಿದ್ದರಂತೆ. "ನಿಮ್ಮ ಹೆಸರಿಗೆ ಆಗಲೇ ಬೀಜ ಹೋಗಿದೆ" ಅಂದರಂತೆ. "ನಾನು ಒಂದು ಕಾಳೂ ತಂದಿಲ್ಲ ಕಣಪ್ಪ" ಅನ್ನುವಾಗ ಅವರ ಗಂಟಲು ಕಟ್ಟಿತು. ಕೊನೆಗೆ ಸಾಲ ಮಾಡಿ, ಹೊರಗಡೆ ಪೂರ್ತಿ ದುಡ್ಡು ಕೊಟ್ಟು ಬಿತ್ತಿದರು.

ಮಧ್ಯಾಹ್ನವೆಲ್ಲ ಇದೇ ತಲೆಯಲ್ಲಿ. ಬೀಜದ ಸಬ್ಸಿಡಿ ನಮ್ಮ ಖಾತೆಗೆ ಬರುವುದಿಲ್ಲ. ನಾವು ಕಡಿಮೆ ರೇಟು ಕೊಟ್ಟು ಮೂಟೆ ತರುತ್ತೇವೆ, ಉಳಿದದ್ದನ್ನು ಸರ್ಕಾರ ಬೀಜ ಕೊಟ್ಟವರಿಗೆ ತುಂಬುತ್ತದೆ. ಖಾತೆಗೆ ಬರುವ ದುಡ್ಡಾದರೆ ಪಾಸ್‌ಬುಕ್ ನೋಡಿ ಕೇಳಬಹುದು. ನಮ್ಮ ಹೆಸರಿಗೆ ಮೂಟೆ ಬರೆದುಕೊಂಡರೆ ಗೊತ್ತಾಗುವುದು ಹೇಗೆ? ಬೀಜ ಪಡೆದವರ ಪಟ್ಟಿ ಕಣ್ಣಿಗೆ ಬಿದ್ದರೆ ಮಾತ್ರ. ಅಜ್ಜಿಯ ಲೆಕ್ಕದಲ್ಲಿ ಆಗಿದ್ದು ತಪ್ಪೋ ಮೋಸವೋ, ಅದನ್ನೂ ಪಟ್ಟಿಯೇ ಹೇಳಬೇಕು.

ಈ ಪಟ್ಟಿಯನ್ನು ಯಾರೂ ದಾನವಾಗಿ ಕೊಡಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ರಂದು, ಇವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ. ಅದರ 4ನೇ ಸೆಕ್ಷನ್ನಿನಲ್ಲೇ ಇದೆ: ಸಬ್ಸಿಡಿ ಕಾರ್ಯಕ್ರಮ ಹೇಗೆ ನಡೆಯುತ್ತದೆ, ಎಷ್ಟು ಹಣ ಇಟ್ಟಿದ್ದಾರೆ, ಫಲಾನುಭವಿಗಳು ಯಾರು ಎಂಬುದನ್ನು ಕಚೇರಿಯೇ ತಾನಾಗಿ ಪ್ರಕಟಿಸಬೇಕು. ನಾವು ಅರ್ಜಿ ಹಾಕುವ ಮೊದಲೇ! ಪಿಎಂ ಕಿಸಾನ್ ಪಟ್ಟಿಯನ್ನು ಊರು ಹಾಕಿ ಮೊಬೈಲಿನಲ್ಲೇ ನೋಡಬಹುದು. ಬೀಜದ ಪಟ್ಟಿಯನ್ನು ನಮ್ಮೂರಿನ ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ.

ಅಪ್ಪನಿಗೆ ಇದು ಹಿಡಿಸಲಿಲ್ಲ. "ಯಾರಿಗೆ ಎಷ್ಟು ಅಂತ ಗೋಡೆಗೆ ಹಾಕಿದ್ರೆ ಊರಲ್ಲಿ ಹೊಟ್ಟೆಕಿಚ್ಚು ಶುರುವಾಗುತ್ತೆ" ಅಂದರು. ಪಟ್ಟಿ ಇಲ್ಲದೆಯೂ ಅನುಮಾನ ಇದ್ದೇ ಇದೆ ಅಲ್ವಾ? ಆಧಾರ್ ನಂಬರ್, ಬ್ಯಾಂಕ್ ಖಾತೆ ಖಂಡಿತ ಬೇಡ. ಹೆಸರು, ಊರು, ಎಷ್ಟು ಮೂಟೆ, ಯಾವ ತಾರೀಕು. ಇಷ್ಟು ಸಾಕು. ಯಾವ ಮಾಹಿತಿ ಕೊಡಬೇಕಿಲ್ಲ ಎಂದು ಹೇಳುವುದು ಮಾಹಿತಿ ಹಕ್ಕಿನ 8ನೇ ಸೆಕ್ಷನ್; ಅದನ್ನು ತಿದ್ದುವ ಒಂದು ಸಾಲು 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿದೆ. ಆ ತಿದ್ದುಪಡಿಯಿಂದ "ಇದು ವೈಯಕ್ತಿಕ ಮಾಹಿತಿ" ಎಂದು ಕೈತೊಳೆದುಕೊಳ್ಳುವುದು ಸುಲಭವಾಗುತ್ತದೆ. ನನಗೆ ನಿಜವಾದ ಭಯ ಅದೇ.

ದುಡ್ಡೇನು ಸಣ್ಣದಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶೇಂಗಾದಂಥ ಎಣ್ಣೆಕಾಳು ಬೆಳೆ ಹೆಚ್ಚಿಸುವ ಮಿಷನ್‌ಗೆ 10,103 ಕೋಟಿ ರೂಪಾಯಿ ಒಪ್ಪಿತು, 2030-31ರವರೆಗೆ. 2025-26ಕ್ಕೆ ಶೇಂಗಾದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಖರೀದಿ ಕೇಂದ್ರ ತೆರೆದರೂ ಕೇಳುವುದು ಪಹಣಿಯನ್ನೇ. ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಪಾಲಿಗೆ, ಮಾಡಿ ಬೆವರು ಸುರಿಸುವವನ ಹೆಸರು ಪಹಣಿಯಲ್ಲಿ ಎಲ್ಲಿರುತ್ತದೆ? ಪಟ್ಟಿ ಗೋಡೆಗೆ ಬಂದರೆ ಅದೂ ಊರಿಗೆ ಕಾಣುತ್ತದೆ: ಬಿತ್ತಿದವನು ಒಬ್ಬ, ಹೆಸರು ಇನ್ನೊಬ್ಬನದು.

ರಾತ್ರಿ ಅಜ್ಜಿಯ ಮನೆಗೆ ಹೋಗಿ ಅರ್ಜಿ ಬರೆದೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ಮೂರು ಸಲ ಹೊಡೆದು ಬರೆಯಬೇಕಾಯಿತು. "ಈ ಮುಂಗಾರಿನಲ್ಲಿ ನಮ್ಮ ಊರಿನ ಯಾವ ಯಾವ ರೈತರ ಹೆಸರಿಗೆ ಎಷ್ಟು ಶೇಂಗಾ ಬೀಜ ವಿತರಿಸಲಾಗಿದೆ, ಯಾವ ದಿನ, ಸಹಿ ಪುಟದ ಪ್ರತಿ ಸಮೇತ." ಅಜ್ಜಿಗೆ ಹೆಬ್ಬೆಟ್ಟು ಬೇಡವಂತೆ. ಮೊಮ್ಮಗಳು ಕಲಿಸಿದ ಅಕ್ಷರದಲ್ಲಿ ನಿಧಾನಕ್ಕೆ ಸಹಿ ಹಾಕಿದರು. ನಾಳೆ ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಗೊಂಡು ಸ್ಪೀಡ್ ಪೋಸ್ಟ್‌ಗೆ ಹಾಕಬೇಕು. ಉತ್ತರ ಕೊಡಲು ಅವರಿಗೆ ಮೂವತ್ತು ದಿನ.