ವೆಬ್‌ಸೈಟಿಗೆ ಮೂರು ಕೊಟೇಶನ್

2024ರ ಜುಲೈ ಕೊನೆಯ ವಾರ. 31ಕ್ಕೆ ಆದಾಯ ತೆರಿಗೆ ರಿಟರ್ನ್ ಗಡುವು. ಶಿವಮೊಗ್ಗದ ನಮ್ಮ ಪುಟ್ಟ ಆಡಿಟ್ ಆಫೀಸಿನಲ್ಲಿ ನಾನು, ಸಿಎ ತರಬೇತಿಗೆ ಬಂದ ಇಬ್ಬರು ಆರ್ಟಿಕಲ್ ಹುಡುಗರು, ಮೇಜಿನ ತುಂಬ ಸಂಬಳದ ತೆರಿಗೆ ಲೆಕ್ಕದ ಫಾರಂ 16. ಆಗ ಅಡಿಕೆ ಮಂಡಿಯ ಹಳೇ ಪಾರ್ಟಿಯೊಬ್ಬರು ಫೋನ್ ಮಾಡಿ, "ಆಡಿಟ್ರೇ, ನಿಮ್ಗೆ ಕಳಿಸಿದ ಮೇಲ್ ಎರಡು ಸಲ ವಾಪಸ್ ಬಂತು, ಆಫೀಸ್ ಇದೆ ತಾನೇ?" ಅಂದರು.

ನೋಡಿದರೆ ಡೊಮೇನ್, ಅಂದರೆ ನಮ್ಮ ಸೈಟಿಗೂ ಮೇಲ್ ವಿಳಾಸಕ್ಕೂ ಇದ್ದ ಇಂಟರ್ನೆಟ್ ಹೆಸರು, ಅದರ ಅವಧಿ ಮುಗಿದಿತ್ತು. 2017ರಲ್ಲಿ ಸೈಟ್ ಮಾಡಿಕೊಟ್ಟ ಹುಡುಗ ಅದನ್ನು ತನ್ನ ಹೆಸರಲ್ಲೇ, ತನ್ನ ಮೇಲ್ ಐಡಿ ಕೊಟ್ಟು ತಗೊಂಡಿದ್ದ. ರಿನ್ಯೂವಲ್ ನೋಟಿಸ್ ಎಲ್ಲ ಅವನಿಗೇ ಹೋಗಿವೆ. ಅವನ ಫೋನ್ ಸ್ವಿಚ್ ಆಫ್. ಮನೆ ಕಟ್ಟುವ ಸೈಟು ಕೊಳ್ಳುವ ಪ್ರತಿಯೊಬ್ಬರಿಗೂ "ಖಾತೆ ಯಾರ ಹೆಸರಲ್ಲಿದೆ ನೋಡಿದ್ರಾ?" ಅಂತ ಕೇಳುವ ನಾನು, ಏಳು ವರ್ಷ ನನ್ನದೇ ಸೈಟಿನ ಖಾತೆ ನೋಡಿರಲಿಲ್ಲ.

ಗಡುವು ಮುಗಿಯುವ ತನಕ ಜಿಮೇಲ್‌ನಲ್ಲಿ ದೂಡಿದೆ. ಆಗಸ್ಟ್ ಮೊದಲ ಶನಿವಾರ ಕೂತು, ಮೊದಲು ಒಂದು ಹೊಸ ಡಾಟ್ ಇನ್ ಹೆಸರನ್ನು ನನ್ನದೇ ಲಾಗಿನ್, ನನ್ನದೇ ಕಾರ್ಡಿನಲ್ಲಿ ತಗೊಂಡೆ. ಹಳೇ ಮೇಲ್ ವಿಳಾಸದ ಲೆಟರ್‌ಹೆಡ್ ಎರಡು ಕಟ್ಟು ಉಳಿದಿವೆ, ಈಗಲೂ ಅದರ ಬೆನ್ನ ಮೇಲೇ ಟ್ರಯಲ್ ಬ್ಯಾಲೆನ್ಸ್ ಗೀಚುತ್ತೇವೆ. ಆಮೇಲೆ ಮೂರು ಕಡೆ ಕೊಟೇಶನ್ ಕೇಳಿದೆ.

ಮೊದಲನೆಯವರದು ಬರೀ 5,000. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಎರಡನೇ ವರ್ಷದಿಂದ 9,000, ಬಿಟ್ಟು ಹೋದರೆ ಸೈಟ್ ಅವರದೇ. ಎರಡನೆಯವರದು 18,000, ಆಮೇಲೆ ವರ್ಷಕ್ಕೆ 4,000. ಸುಮ್ನೆ ಎಕ್ಸೆಲ್‌ನಲ್ಲಿ ಐದು ವರ್ಷಕ್ಕೆ ಎಳೆದು ನೋಡಿದೆ. ಅಗ್ಗದ್ದು 41,000, ದುಬಾರಿಯದ್ದು 34,000. ಎರಡಕ್ಕೂ 18% ಜಿಎಸ್‌ಟಿ ಬೇರೆ.

ಮೂರನೆಯ ಕೊಟೇಶನ್ ಎಲ್ಲಕ್ಕಿಂತ ಚೆಂದ, ಬಣ್ಣದ ಮುದ್ರಣ, ಕೆಳಗೆ 29ರಿಂದ ಶುರುವಾಗುವ ಜಿಎಸ್‌ಟಿ ನಂಬರು. ಅಭ್ಯಾಸ ಬಿಡುತ್ತದಾ, ಪೋರ್ಟಲ್‌ನಲ್ಲಿ ಹಾಕಿ ನೋಡಿದೆ. ನೋಂದಣಿ ರದ್ದಾಗಿ ಎಂಟು ತಿಂಗಳು! ಕೊಟೇಶನ್‌ನಲ್ಲಿ ಮಾತ್ರ 18% ಠೀವಿಯಿಂದ ಕೂತಿದೆ.

ಹಾಗೆ ಎರಡನೆಯವರನ್ನು ಕರೆದೆ. ಒಬ್ಬ ಹೆಣ್ಣುಮಗಳು ಲ್ಯಾಪ್‌ಟಾಪ್ ಹಿಡಿದು ಬಂದು ಮಾದರಿ ತೋರಿಸಿದಳು: "ಊರಿನ ನಂಬರ್ 1 ಆಡಿಟರ್", ಕೆಳಗೆ ನಗುವ ಗಿರಾಕಿಗಳ ಫೋಟೋ, ಅವರ ಹೊಗಳಿಕೆ. "ಇದೆಲ್ಲ ತೆಗೀಬೇಕಮ್ಮ" ಅಂದೆ. 1949ರ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕಾಯ್ದೆಯಲ್ಲಿ ನಮಗೆ ಕೆಲಸ ಕೇಳಿಕೊಂಡು ಹೋಗುವುದಕ್ಕೂ ಜಾಹೀರಾತಿಗೂ ಕಟ್ಟುಪಾಡು ಇದೆ, ಸೈಟಿನಲ್ಲಿ ಪಾರ್ಟಿಗಳ ಹೆಸರು, ಫೀಸು ಹಾಕುವಂತಿಲ್ಲ ಅಂತ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಾಗಾದ್ರೆ ಸೈಟ್ ಯಾಕ್ ಸಾರ್ ಬೇಕು?" ಅಂದಳು. ನ್ಯಾಯವಾದ ಪ್ರಶ್ನೆ, ಅಲ್ವಾ? ಹುಡುಕಿಕೊಂಡು ಬಂದವರಿಗೆ ವಿಳಾಸ, ಕೆಲಸದ ವಿವರ ಸಿಗಲಿ ಅಂತ, ಅಷ್ಟೇ. ಆಗ ನಾವಾಗಿ ಹೋಗಿ ತೋರಿಸುವ ಹಾಗಿರಲಿಲ್ಲ. ಪ್ಯಾನ್, ಆಧಾರ್ ಅಪ್‌ಲೋಡ್ ಮಾಡುವ ಫಾರಂ ಒಂದು ಇತ್ತು, ಅದನ್ನೂ ತೆಗೆಸಿದೆ. ಜನರ ಕಾಗದ ಯಾವ ಸರ್ವರಿನಲ್ಲಿ ಕೂತಿದೆ ಅಂತ ನಾನು ಕಾಯಲಾರೆ.

ಕನ್ನಡ ಪುಟದ್ದೇ ದೊಡ್ಡ ರಾಮಾಯಣ. ಆರ್ಟಿಕಲ್ ಹುಡುಗ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದ, ಅದೂ ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ. ಸೈಟಿನಲ್ಲಿ ಅದು ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತು ಆಗಿ ಬಂತು. ಯಾವುದೋ ವಿದೇಶಿ ಬ್ಯಾಂಕಿನ ಪಾಸ್‌ಬುಕ್ ಥರ. ಅವಳೇ ಯೂನಿಕೋಡ್‌ಗೆ ಬದಲಾಯಿಸಿ ಒತ್ತಕ್ಷರ ಒಂದೊಂದೇ ನೋಡಿ ಸರಿಮಾಡಿದಳು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಆಗಸ್ಟ್ ಕೊನೆಗೆ ಸೈಟ್ ಶುರುವಾಯಿತು, ಎಲ್ಲ ಪಾಸ್‌ವರ್ಡ್ ಬರೆಸಿಕೊಂಡು ದುಡ್ಡು ಕೊಟ್ಟೆ. ಮಂಡಿಯವರು ಮೊಬೈಲಿನಲ್ಲಿ ತೆಗೆದು ನೋಡಿ, "ಊಟಕ್ಕೆ ಎಷ್ಟೊತ್ತಿಗೆ ಬಾಗಿಲು ಹಾಕ್ತೀರಿ ಅಂತ ಹಾಕೇ ಇಲ್ವಲ್ಲ" ಅಂದರು. ಹಾಕಿಸಿದೆ. ಸೆಪ್ಟೆಂಬರ್ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ತೆಗೆದು ನೋಡಿದೆ. ಸೈಟ್ ಮಾಡಿಕೊಟ್ಟವರ ಬಿಲ್ಲು, 3,240 ತೆರಿಗೆ ಸಮೇತ, ಅಲ್ಲೇ ಇತ್ತು.